ಜಡ್ಜಮ್ಮನ ಕೊಕ್ಕೆ

ಅಂಗಡಿಯ ಬೋರ್ಡಿನ ಮೇಲೆ ಏನೇ ಬರೆದಿರಲಿ, ಬೀದಿಯವರ ಬಾಯಲ್ಲಿ ಅದು ಕೋರ್ಟು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿಗೆ ಕೋರ್ಟು ಅಂತ ಹೆಸರು ಬೀಳೋದು ಅಂದರೇನು! ಎಲ್ಲಾ ಅದನ್ನು ನಡೆಸುವ ಅತ್ತೆಯ ಕೃಪೆ. ಕೌಂಟರಿನ ಹಿಂದೆ ಕುರ್ಚಿ ಎಳೆದುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಆಕೆ ಕೂತಳು ಅಂದರೆ ಬ್ಯಾಂಕಿನ ಮ್ಯಾನೇಜರು ಕೂಡ ಅಂಗಿಯ ಗುಂಡಿ ಸರಿಮಾಡಿಕೊಂಡೇ ಒಳಗೆ ಕಾಲಿಡುತ್ತಿದ್ದ. ಬೆನ್ನ ಹಿಂದೆ ಎಲ್ಲರೂ ಆಕೆಯನ್ನು ಜಡ್ಜಮ್ಮ ಅನ್ನುತ್ತಿದ್ದರು. ಅದು ಆಕೆಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಆಕೆಯ ತಲೆಯ ಮೇಲೆ ಗೋಡೆಗೆ ಒಂದು ಕಬ್ಬಿಣದ ಕೊಕ್ಕೆ. ಚೀಟಿ ಇಲ್ಲದ, ಯಾರದ್ದು ಅಂತ ಗೊತ್ತಾಗದ ಬಟ್ಟೆಗೆಲ್ಲ ಅದೇ ಜಾಗ. ಅಲ್ಲಿಂದ ಬಟ್ಟೆ ಕೆಳಗಿಳಿಯಬೇಕಾದರೆ ಅದರ ಒಡೆಯರೇ ಖುದ್ದಾಗಿ ಬರಬೇಕು, ಕ್ಯೂನಲ್ಲಿ ನಿಲ್ಲಬೇಕು, ಎಲ್ಲರಿಗೂ ಕೇಳುವ ಹಾಗೆ ‘ಇದು ನಂದು’ ಅನ್ನಬೇಕು, ಆಮೇಲೆ ಬೇರೆ ಯಾರಿಗೂ ಗೊತ್ತಿರದ ಒಂದು ಗುರುತು ಹೇಳಬೇಕು. ಎಲ್ಲಿ ಹೊಲಿಗೆ ಬಿಟ್ಟಿದೆ, ಯಾವ ಗುಂಡಿ ಬೇರೆ ಬಣ್ಣದ್ದು, ಹೀಗೆ. ಆಕೆಯ ಕಾಲದಲ್ಲಿ ಒಂದೇ ಒಂದು ಕರವಸ್ತ್ರವೂ ತಪ್ಪು ಕೈ ಸೇರಿರಲಿಲ್ಲ. ಕಾನೂನು ಮನೆಯವರಿಗೂ ಅದೇ. ಮಾವ ಬದುಕಿದ್ದಾಗ ಅವರದ್ದೇ ಪ್ಯಾಂಟು ಒಮ್ಮೆ ಹೇಗೋ ಕೊಕ್ಕೆಗೆ ಹೋಗಿಬಿಟ್ಟಿತ್ತು. ಪಾಪ, ಆ ಮನುಷ್ಯ ಟವೆಲ್ ಸುತ್ತಿಕೊಂಡು ಕ್ಯೂನಲ್ಲಿ ನಿಂತು, ‘ಹಿಂದಿನ ಜೇಬು ತೂತಾಗಿದೆ’ ಅಂತ ಬೀದಿಗೆಲ್ಲ ಸಾರಿ ಬಿಡಿಸಿಕೊಂಡು ಹೋಗಿದ್ದರು.

ಇಂಥ ಕೊಕ್ಕೆಯಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಒಂದು ವಸ್ತು ನೇತಾಡಿತು ನೋಡಿ. ನೀಲಿ ಬಣ್ಣದ್ದು. ಎರಡು ತುಂಡು. ಎರಡನ್ನೂ ಸೇರಿಸಿ ಹೊಲಿದರೂ ಒಂದು ದಿಂಬಿನ ಕವರು ಆಗಲಿಕ್ಕಿಲ್ಲ. ಮೈತುಂಬ ಕಲ್ಲು. ಬೀದಿಯಲ್ಲಿ ಬಸ್ಸು ಹಾದುಹೋದಾಗಲೆಲ್ಲ ಅದರ ಹೊಳಪು ಚಾವಣಿಯ ಮೇಲೆ ಕುಣಿಯುತ್ತಿತ್ತು.

ಇಸ್ತ್ರಿ ಮೇಜಿನ ಹಿಂದಿದ್ದ ಸೊಸೆ ತಲೆಯೆತ್ತಿ ಅದನ್ನು ನೋಡಿದಳು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಯಾರದೋ ಕಾಲರಿನ ಮೇಲೆ ಹಾಗೇ ನಿಂತು, ಕಾಲರು ಕಂದು ಬಣ್ಣಕ್ಕೆ ತಿರುಗಿದ ಮೇಲೆಯೇ ಅವಳಿಗೆ ಎಚ್ಚರ. ಯಾಕೆಂದರೆ ಆ ನೀಲಿ ಬಟ್ಟೆ ಅವಳದ್ದು, ಅವಳೇ ಬಣ್ಣ ಹೇಳಿ ಹೊಲಿಸಿದ್ದು. ಬರುವ ಭಾನುವಾರ ಅದನ್ನೇ ತೊಟ್ಟುಕೊಂಡು ಅವಳು ಜೀವನದಲ್ಲಿ ಮೊದಲ ಬಾರಿಗೆ ಒಂದು ಸ್ಟೇಜ್ ಹತ್ತಬೇಕಿತ್ತು.

ಇದೆಲ್ಲ ಶುರುವಾದದ್ದು ಟವೆಲ್‌ಗಳಿಂದ. ಎರಡು ಬೀದಿ ಆಚೆ ಒಂದು ಜಿಮ್ ಇದೆ. ಅಲ್ಲಿನ ಬೆವರು ಟವೆಲ್ಲೆಲ್ಲ ಒಗೆಯಲು ಬರುವುದು ಇದೇ ಲಾಂಡ್ರಿಗೆ. ಒಂದು ದಿನ ವ್ಯಾನ್ ಓಡಿಸುವ ಗಂಡನಿಗೆ ಜ್ವರ ಅಂತ ಸೊಸೆಯೇ ಹೋಗಿ, ಒದ್ದೆ ಟವೆಲ್ಲಿನ ಮೂಟೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟಳು. ಜಿಮ್ಮಿನ ಕೋಚು ಅಗಲ ಭುಜದ, ಗಂಟಲು ದೊಡ್ಡದಾದ ಹೆಂಗಸು. ಬಾಗಿಲಿಗೆ ಅಡ್ಡ ನಿಂತಳು.

“ಆ ಮೂಟೆ ಎಷ್ಟು ಭಾರ ಇದೆ ಗೊತ್ತಾ ನಿನಗೆ?”

“ದಿನಾ ಎತ್ತೋದು ತಾನೇ ಮೇಡಂ. ಯಾಕೆ, ಏನಾಯ್ತು?”

“ನನ್ನ ಹತ್ರ ಕಾಸು ಕೊಟ್ಟು ಬರೋ ಗಂಡಸರು ಅದನ್ನ ನೆಲದಿಂದ ಎತ್ತಲ್ಲ. ತೋಳು ತೋರಿಸು ನೋಡೋಣ.”

ಸೊಸೆ ನಾಚಿಕೊಂಡೇ ತೋಳು ಮಡಿಸಿ ತೋರಿಸಿದಳು. ಬಲತೋಳು ನೋಡಿ ಕೋಚು ಶಿಳ್ಳೆ ಹಾಕಿದಳು. ಎಡತೋಳು ನೋಡಿ ಹುಬ್ಬೇರಿಸಿದಳು. ಮದುವೆಯಾದಾಗಿನಿಂದ ಬಲಗೈಯಲ್ಲೇ ಇಸ್ತ್ರಿ ಒತ್ತಿ ಒತ್ತಿ ಒಂದು ಭುಜ ಉಬ್ಬಿಹೋಗಿತ್ತು, ಇನ್ನೊಂದು ಇದ್ದಲ್ಲೇ ಇತ್ತು. “ಈ ಎಡಗೈ ಯಾರದ್ದು, ಬಾಡಿಗೆಗೆ ತಂದಿದ್ದಾ?” ಅಂದಳು ಕೋಚು. ಆಮೇಲೆ ತುಂಡು ಬಟ್ಟೆ ತೊಟ್ಟು ಸ್ಟೇಜಿನ ಮೇಲೆ ಮೈಕಟ್ಟು ತೋರಿಸುವ ಹೆಂಗಸರ ಫಿಟ್‌ನೆಸ್ ಸ್ಪರ್ಧೆಯ ವಿಷಯ ಎತ್ತಿದಳು.

ಸೊಸೆ ಮೊದಲು ನಕ್ಕುಬಿಟ್ಟಳು. ಮನೆಗೆ ಬಂದು ಮತ್ತೆ ಇಸ್ತ್ರಿ ಮೇಜಿನ ಹಿಂದೆ ನಿಂತಾಗ ಆ ನಗು ಎಲ್ಲೋ ಹೋಯಿತು. ಇಷ್ಟು ವರ್ಷ ಅವಳು ಈ ಮೇಜಿನ ಹಿಂದೆ, ಹಬೆಯ ಹಿಂದೆ, ಬೇರೆಯವರ ಅಂಗಿಗಳ ಹಿಂದೆ. ಬಂದವರೆಲ್ಲ ಬಟ್ಟೆಯನ್ನು ನೋಡುತ್ತಾರೆ, ಗೆರೆ ನೆಟ್ಟಗಿದೆಯಾ ಅಂತ ನೋಡುತ್ತಾರೆ. ಇವಳನ್ನು ನೋಡಿದವರಿಲ್ಲ. ಒಂದೇ ಒಂದು ಸಲ, ದೀಪ ಹಾಕಿದ ಕಡೆ ನಿಂತು, ‘ನೋಡಿ, ಇದು ನಾನು’ ಅನ್ನಬೇಕು ಅಂತ ಅವಳಿಗೆ ಆಸೆಯಾಯಿತು. ಎಂಥಾ ಆಸೆ ಅಂದರೆ ಅದು ಹೊಟ್ಟೆಯೊಳಗೇ ಕೂತು ಏಳಲೇ ಇಲ್ಲ.

ಆದರೆ ಅತ್ತೆಗೆ ಹೇಳೋದು ಹೇಗೆ? ಬೀದಿಯಲ್ಲಿ ಬೆಳಿಗ್ಗೆ ಬಿಗಿಯಾದ ಚಡ್ಡಿ ಹಾಕಿಕೊಂಡು ಓಡುತ್ತಿದ್ದ ಹುಡುಗಿಯನ್ನು ನೋಡಿ, “ಅಷ್ಟೊಂದು ಬಟ್ಟೆ ಉಳಿಸಿ ಯಾರಿಗೆ ದಾನ ಮಾಡ್ತಾಳೋ!” ಅಂದವಳು ಆಕೆ. ಅದನ್ನು ಕ್ಯೂನಲ್ಲಿದ್ದವರೆಲ್ಲ ಕೇಳಿ, ಮಧ್ಯಾಹ್ನದೊಳಗೆ ಬೀದಿಯ ಆ ತುದಿಯವರೂ ಕೇಳಿ, ಆ ಹುಡುಗಿ ಪಾಪ ಬೇರೆ ಬೀದಿ ಹಿಡಿದಳು. ಅತ್ತೆಯ ನಾಲಿಗೆಗೆ ಇಸ್ತ್ರಿಪೆಟ್ಟಿಗೆಗಿಂತ ಬಿಸಿ ಜಾಸ್ತಿ. ಆ ಬಾಯಿಗೆ ತಾನು ಬಿದ್ದರೆ ಕಥೆ ಮುಗಿದ ಹಾಗೇ ಅಂದುಕೊಂಡ ಸೊಸೆ, ಗಂಡನಿಗೆ ಮಾತ್ರ ಹೇಳಿದಳು. ಗಂಡ ಒಳ್ಳೆಯವನೇ, ಆದರೆ ತಾಯಿಯ ಮುಂದೆ ಬಾಲ ಮುದುರಿಕೊಳ್ಳುವ ಪೈಕಿ. “ನೀನು ಮಾಡು, ನಾನಿದ್ದೀನಿ” ಅಂದ. “ಅಮ್ಮಂಗೆ ಮಾತ್ರ ನೀನೇ ಹೇಳು” ಅಂತಲೂ ಸೇರಿಸಿದ.

ಸರಿ, ಶುರುವಾಯಿತು ನಾಟಕ. ಊಟಕ್ಕೆ ಉಪ್ಪಿಲ್ಲದ ಬೇಯಿಸಿದ ಕೋಳಿ, ಸೌತೆಕಾಯಿ, ಮೊಟ್ಟೆಯ ಬಿಳಿ. ಬಿಳಿ ಇವಳಿಗೆ, ಹಳದಿ ಗಂಡನಿಗೆ. ಎಸೆಯೋಕೆ ಮನಸ್ಸು ಬರಬೇಕಲ್ಲ. ಇವಳು ಇಳಿದಷ್ಟೂ ಅವನು ಏರಿದ. ಅತ್ತೆ ಕೇಳದೆ ಬಿಡುತ್ತಾಳೆಯೇ?

“ಏನೇ, ನನ್ನ ಕೈಯಡುಗೆ ಸೇರ್ತಾ ಇಲ್ವಾ?”

“ಹೊಟ್ಟೆ ಹುಣ್ಣು ಅತ್ತೆ. ಡಾಕ್ಟ್ರು ಪಥ್ಯ ಹೇಳಿದ್ದಾರೆ.”

“ಎಡಗೈಯಲ್ಲಿ ಇಸ್ತ್ರಿ ಮಾಡ್ತೀಯಲ್ಲ, ಅದ್ಯಾವ ಪಥ್ಯ?”

“ಬಲಗೈ ನೋವು ಅತ್ತೆ.”

ಎಡಗೈಗೆ ಬಲ ಬರಲಿ ಅಂತ ಕೋಚೇ ಹೇಳಿದ್ದು ಅದು. ಬಲ ಬರುವ ಮೊದಲು ಬೀದಿಯ ಅರ್ಧ ಜನ ಮಡಿಕೆ ಬಿದ್ದ ಅಂಗಿ ತೊಟ್ಟು ಕೆಲಸಕ್ಕೆ ಹೋದರು. ಬ್ಯಾಂಕಿನ ಮ್ಯಾನೇಜರಿನ ಒಂದು ತೋಳಿನಲ್ಲಿ ಮೂರು ಗೆರೆ. ಅತ್ತೆ ಮಾತ್ರ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. ಹೊಟ್ಟೆ ಹುಣ್ಣಿನವಳು, ಕೈನೋವಿನವಳು ಅಂತ ಭಾರದ ಗಂಟುಗಳನ್ನೆಲ್ಲ ಆಕೆಯೇ ಎಳೆದುಕೊಂಡು, “ನೀನು ಕೂತ್ಕೋ, ಎದ್ದರೆ ನೋಡು” ಅನ್ನತೊಡಗಿದಳು. ಕೋಚು ಏಳು ಅನ್ನುತ್ತಾಳೆ, ಅತ್ತೆ ಕೂತ್ಕೋ ಅನ್ನುತ್ತಾಳೆ. ಜೊತೆಗೆ ಮೂರು ಹೊತ್ತೂ ಉಪ್ಪಿಲ್ಲದ ತೆಳು ಗಂಜಿ ಕಾಯಿಸಿ ತಂದು, ಲೋಟದ ತಳ ಕಾಣುವವರೆಗೆ ಎದುರಿಗೇ ಕೂತಿರುತ್ತಿದ್ದಳು. ಸುಳ್ಳು ಹೇಳಿದ ಬಾಯಿಗೆ ಗಂಜಿ ಇಳಿಯೋದು ಕಷ್ಟ ಕಣ್ರೀ.

ವ್ಯಾಯಾಮಕ್ಕೆ ಜಾಗ ಮಾಳಿಗೆ. ಒಣಗಲು ಹಾಕಿದ ಹೊದಿಕೆಗಳ ನಡುವೆ ಒದ್ದೆ ಗಂಟು ಹೆಗಲಿಗೇರಿಸಿಕೊಂಡು ಕೂತು ಏಳುವುದು, ಸ್ಟೇಜಿನ ಮೇಲೆ ನಿಲ್ಲುವ ಪೋಸುಗಳನ್ನು ಅಭ್ಯಾಸ ಮಾಡುವುದು. ಸೊಂಟ ತಿರುಗಿಸು, ಭುಜ ಅಗಲಿಸು, ಹಲ್ಲು ಕಾಣುವ ಹಾಗೆ ನಗು. ಯಾರಿಗೂ ಕಾಣಲ್ಲ ಅಂದುಕೊಂಡಿದ್ದಳು. ಎದುರು ಕಟ್ಟಡದ ಹಲ್ಲಿನ ಡಾಕ್ಟರಮ್ಮ ಒಂದು ದಿನ ಕೋಟು ಕೊಡಲು ಬಂದವಳು, “ನಿಮ್ಮ ಮಾಳಿಗೇಲಿ ನೆರಳು ನೋಡಿದೆ. ಯಾರೋ ಒಬ್ಬರೇ ನಿಂತ್ಕೊಂಡು ಗಾಳಿ ಜೊತೆ ಜಗಳ ಆಡ್ತಿದ್ದರು” ಅಂದಳು.

“ಹೊದಿಕೆ ಕೊಡವ್ತಾ ಇದ್ದೆ ಡಾಕ್ಟ್ರೇ” ಅಂದಳು ಸೊಸೆ, ಹಲ್ಲು ಕಾಣುವ ಹಾಗೆ ನಕ್ಕು.

ಇಷ್ಟೆಲ್ಲ ಸರ್ಕಸ್ಸು ಮಾಡಿ ದಡ ಮುಟ್ಟೋ ಹೊತ್ತಿಗೆ ಮುಳುಗಿಸಿದವನು ಗಂಡ. ಸ್ಪರ್ಧೆಯ ಬಟ್ಟೆಯನ್ನು ಬೇರೆ ಊರಿನ ಒಬ್ಬ ದರ್ಜಿ ಹೆಂಗಸು ಇವಳ ಮೈ ಅಳತೆಗೆ ಹೊಲಿದು ಜಿಮ್ಮಿಗೆ ಕಳಿಸಿದ್ದಳು. ಕೋಚು ಅದನ್ನು ಟವೆಲ್ ಮೂಟೆಯೊಳಗೆ ಬಚ್ಚಿಟ್ಟು, “ಇದನ್ನ ಅವಳ ಕೈಗೇ ಕೊಡು” ಅಂತ ಗಂಡನಿಗೆ ಸಾವಿರ ಸಲ ಹೇಳಿದ್ದಳು. ಅವನು ಮೂಟೆ ಇಳಿಸುವಾಗ ತಾಯಿ “ಲೋ, ಸೋಪಿನ ಪುಡಿ ಮುಗಿದಿದೆ ಕಣೋ, ಓಡು” ಅಂದಳು. ಅವನು ಮೂಟೆಯನ್ನು ಆಕೆಯ ಕಾಲ ಬಳಿಯೇ ಬಿಟ್ಟು ಓಡಿದ. ಸಾಮಾನ್ಯವಾಗಿ ಜಿಮ್ಮಿನ ಮೂಟೆ ಬಿಚ್ಚುವವಳು ಸೊಸೆ. ಅವತ್ತು ಅತ್ತೆಗೆ ಸೊಸೆಯ ಮೇಲೆ ಕರುಣೆ ಉಕ್ಕಿ, ತಾನೇ ಬಿಚ್ಚಿದಳು.

ಚೀಟಿ ಇಲ್ಲ, ಹೆಸರಿಲ್ಲ. ಹೋಗು ಕೊಕ್ಕೆಗೆ.

ಆ ವಾರ ಲಾಂಡ್ರಿಗೆ ಬಂದಷ್ಟು ಜನ ಯಾವತ್ತೂ ಬಂದಿರಲಿಲ್ಲ. ಒಂದೇ ಒಂದು ಕಾಲುಚೀಲ ಹಿಡಿದುಕೊಂಡು ಬಂದವರಿದ್ದರು. ಶಾಲೆಯ ಹೆಡ್‌ಮಿಸ್ ಬೆಳಿಗ್ಗೆ ಒಂದು ಕರವಸ್ತ್ರ ಕೊಟ್ಟು, ಸಂಜೆ ಇನ್ನೊಂದು ಕೊಟ್ಟು, ಎರಡು ಸಲವೂ ಕನ್ನಡಕ ಬದಲಾಯಿಸಿ ಮೇಲೆ ನೋಡಿ, “ಛೆ, ಛೆ, ಕಾಲ ಕೆಟ್ಟುಹೋಯ್ತು” ಅಂದು ಇನ್ನಷ್ಟು ಹೊತ್ತು ನಿಂತಳು. ಹಲ್ಲಿನ ಡಾಕ್ಟರಮ್ಮ ಮಾತ್ರ “ಯಾರ ಪುಣ್ಯವೋ” ಅಂತ ನಿಟ್ಟುಸಿರು ಬಿಟ್ಟಳು. ಮ್ಯಾನೇಜರು ಮೇಲೆ ನೋಡಲೇ ಇಲ್ಲ. ನೋಡದೇ ಇರಲು ಅವನು ಪಟ್ಟ ಪಾಡನ್ನು ಎಲ್ಲರೂ ನೋಡಿದರು. ಬಂದವರೆಲ್ಲ ಒಂದೇ ಪ್ರಶ್ನೆ: “ಯಾರದ್ದು ಇದು?”

“ಅದು ಗೊತ್ತಾಗಲಿ ಅಂತಲೇ ನೇತುಹಾಕಿರೋದು” ಅನ್ನುತ್ತಿದ್ದಳು ಅತ್ತೆ. ಒಬ್ಬಳು “ಇಂಥದ್ದನ್ನ ಹಾಕ್ಕೊಳ್ಳೋವ್ರು ಬಂದು ಕೇಳ್ತಾರಾ?” ಅಂದು ಕಿಸಕ್ಕನೆ ನಕ್ಕಾಗ ಎಲ್ಲರೂ ನಕ್ಕರು. ಮೇಜಿನ ಹಿಂದೆ ಸೊಸೆಯೂ ನಕ್ಕಳು. ನಕ್ಕು ಮುಖ ತಿರುಗಿಸಿಕೊಂಡು ಹಬೆಯಲ್ಲಿ ಕಣ್ಣೊರೆಸಿಕೊಂಡಳು.

ಬಟ್ಟೆ ಬಿಡಿಸಿಕೊಳ್ಳಲು ಪ್ರಯತ್ನ ಮಾಡಲಿಲ್ಲ ಅನ್ನಬೇಡಿ. ಹ್ಯಾಂಗರ್ ಇಳಿಸುವ ಕೋಲು ಹಿಡಿದು ಹಿಂದಿನಿಂದ ಮೆಲ್ಲಗೆ ಕೈಚಾಚಿದಳು. ಅತ್ತೆ ತಿರುಗಿಯೂ ನೋಡದೆ, “ಏನು ಬೇಕಿತ್ತು?” ಅಂದಳು.

“ಜೇಡ, ಅತ್ತೆ.”

“ಬಿಡು, ಅದೂ ನೋಡ್ಕೊಂಡು ಹೋಗಲಿ.”

ಅಂಗಡಿ ಮುಚ್ಚುವಾಗ ಕೊಕ್ಕೆಯ ಬಟ್ಟೆ ಬೀರುವಿಗೆ, ಬೀರುವಿನ ಕೀಲಿ ಅತ್ತೆಯ ಸೊಂಟಕ್ಕೆ. ಗುರುವಾರ ಕೋಚು ಎದೆ ಸೆಟೆಸಿಕೊಂಡು ಬಂದು, “ಅಮ್ಮಾ, ಆ ನೀಲಿದು ನಂದು, ಟವೆಲ್ ಜೊತೆ ಬಂದುಬಿಟ್ಟಿದೆ” ಅಂದಳು. ಅತ್ತೆ ಆಕೆಯನ್ನು ಈ ಭುಜದಿಂದ ಆ ಭುಜಕ್ಕೆ ನಿಧಾನವಾಗಿ ನೋಡಿದಳು. ನೋಡಿ ಮುಗಿಸಲು ಸ್ವಲ್ಪ ಹೊತ್ತೇ ಹಿಡಿಯಿತು.

“ನಿಮಗೆ ಇದು ಒಂದು ಕೈಗೂ ಏರಲ್ಲ ತಾಯಿ. ಯಾರದ್ದು ಅಂತ ಗೊತ್ತಿದ್ದರೆ ಅವರನ್ನೇ ಕಳಿಸಿ.”

ಕೋಚು ಸೊಸೆಯ ಕಡೆ ನೋಡಿದಳು. ಸೊಸೆ ಬೇಡ ಬೇಡ ಅಂತ ಕಣ್ಣಲ್ಲೇ ಕೈಮುಗಿದಳು. ಶುಕ್ರವಾರ ಗಂಡ ಧೈರ್ಯ ತಂದುಕೊಂಡು ಕ್ಯೂನಲ್ಲಿ ನಿಂತ.

“ಅಮ್ಮಾ, ಅದು... ಆ ಮೇಲಿರೋದು... ನಂಗೆ ಕೊಡು.”

“ನಿಂಗಾ?” ಅಂದಳು ಅತ್ತೆ. ಅತ್ತೆ ಮಗನ ಹೊಟ್ಟೆಯ ಕಡೆ ನೋಡಿ, “ಇತ್ತೀಚೆಗೆ ಮೊಟ್ಟೆ ಜಾಸ್ತಿ ಆಯ್ತು ಕಣೋ ನಿಂಗೆ” ಅಂದಳು.

“ಹಾಗಲ್ಲಮ್ಮ. ಮನೇದೇ ಅನ್ಕೋ.”

“ಮನೇದಾದ್ರೆ ಮನೆಯವರು ಬಂದು ಬಾಯಿಬಿಟ್ಟು ಕೇಳಲಿ. ನಿಮ್ಮಪ್ಪ ಕೇಳಲಿಲ್ವಾ? ಮುಂದಿನವರು ಬನ್ನಿ.”

ಅವನು ಕಿವಿ ಕೆಂಪಗೆ ಮಾಡಿಕೊಂಡು ವ್ಯಾನು ಹತ್ತಿದ. ಆಮೇಲೆ ಊಟಕ್ಕೂ ಬರಲಿಲ್ಲ.

ಶನಿವಾರ ಬಂದೇಬಿಟ್ಟಿತು. ಮಧ್ಯಾಹ್ನ ಕೋಚು ಫೋನು ಮಾಡಿ ಕಡ್ಡಿ ಮುರಿದ ಹಾಗೆ ಹೇಳಿದಳು: “ಅಂಗಡಿ ಮುಚ್ಚೋದರೊಳಗೆ ಬಟ್ಟೆ ಕೈಗೆ ಬಂತಾ, ನಾಳೆ ಹೊರಡ್ತೀವಿ. ಇಲ್ವಾ, ಮನೇಲಿ ಕೂತು ಗಂಜಿ ಕುಡಿ. ಬೇರೆ ಬಟ್ಟೆ ಹೊಲಿಸೋಕೆ ಟೈಮಿಲ್ಲ.”

ಸೊಸೆ ಫೋನಿಟ್ಟು ಇಸ್ತ್ರಿ ಮೇಜಿಗೆ ಬಂದಳು. ಹೆಡ್‌ಮಿಸ್ಸಿನ ಕರವಸ್ತ್ರ ತೆಗೆದುಕೊಂಡಳು, ಮಡಚಿದಳು, ಮತ್ತೆ ಬಿಚ್ಚಿದಳು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ನಾಳೆ ಅಷ್ಟು ಜನ ಅಪರಿಚಿತರ ಮುಂದೆ ಆ ಬಟ್ಟೆ ತೊಟ್ಟು ನಿಂತು ‘ಇದು ನಾನು’ ಅನ್ನಬೇಕು ಅಂತ ಹೊರಟವಳಿಗೆ, ಇವತ್ತು ಮೈತುಂಬ ಬಟ್ಟೆ ಹಾಕಿಕೊಂಡು ಪರಿಚಯದ ಜನರ ಮುಂದೆ ‘ಅದು ನಂದು’ ಅನ್ನೋಕೆ ಬಾಯಿಲ್ಲವಾ? ಥೂ ನಿನ್ನ, ಅಂದುಕೊಂಡಳು. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಹಿಂದಿನ ಬಾಗಿಲಿಂದ ಹೊರಬಿದ್ದು, ಓಣಿ ಸುತ್ತಿ ಬೀದಿಗೆ ಬಂದು, ತನ್ನದೇ ಅಂಗಡಿಯ ಮುಂದಿನ ಬಾಗಿಲಿಂದ ಒಳಗೆ ಬಂದಳು. ಈ ಬದಿಯಿಂದ ಅಂಗಡಿಯನ್ನು ಅವಳು ನೋಡಿಯೇ ಇರಲಿಲ್ಲ. ಕೌಂಟರು ಎತ್ತರ ಅನ್ನಿಸಿತು. ಮ್ಯಾನೇಜರಿನ ಹಿಂದೆ ಕ್ಯೂನಲ್ಲಿ ನಿಂತಳು.

ಅವನು ಹಿಂತಿರುಗಿ ನೋಡಿ ಗಾಬರಿಯಾಗಿ, “ನೀವು ಮುಂದೆ ಹೋಗಿ” ಅಂದ.

“ಪರವಾಗಿಲ್ಲ. ಕ್ಯೂ ಅಂದ್ರೆ ಕ್ಯೂ.”

ಅವಳ ಸರದಿ ಬಂತು. ಅತ್ತೆ ತಲೆಯೆತ್ತಿದಳು.

“ಇದೇನೇ, ಈ ಕಡೆಯಿಂದ? ಬಾಗಿಲು ಚಿಲಕ ಬಿದ್ದುಬಿಡ್ತಾ?”

“ಬಟ್ಟೆ ತಗೊಂಡು ಹೋಗೋಣ ಅಂತ ಬಂದೆ.” ಸೊಸೆ ಕೊಕ್ಕೆಯ ಕಡೆ ಬೆರಳು ತೋರಿಸಿದಳು. “ಆ ನೀಲಿದು. ಅದು ನಂದು.”

ಹೆಡ್‌ಮಿಸ್ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಳು. ಹಿಂದೆ ಯಾರೋ ಕಿಸಕ್ಕನೆ ನಗಲು ಹೋದರು. ಅತ್ತೆ ಆ ಕಡೆ ಕನ್ನಡಕ ತಿರುಗಿಸಿದ್ದೇ ನಗು ಅಲ್ಲೇ ಸತ್ತಿತು. ಆಮೇಲೆ ಆಕೆ ಸೊಸೆಯನ್ನು ನೋಡಿದಳು. ನೋಡಿದಳು ಅಂದರೆ, ಚೀಟಿ ಕಳೆದುಕೊಂಡು ಬಂದ ಯಾವುದೇ ಗಿರಾಕಿಯನ್ನು ನೋಡುವ ಹಾಗೆ.

“ಗುರುತು ಹೇಳೀಮ್ಮಾ” ಅಂದಳು.

ಬಹುವಚನ! ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಸೊಸೆಗೆ ಸಿಕ್ಕ ಮೊದಲನೇ ಬಹುವಚನ ಅದು. ಸೊಸೆಗೆ ಬೆವರು ಕಿತ್ತುಕೊಂಡಿತು, ಮರ್ಯಾದೆಗಲ್ಲ, ಪ್ರಶ್ನೆಗೆ. ಯಾಕೆಂದರೆ ಆ ಬಟ್ಟೆಯನ್ನು ಅವಳು ಕೈಯಲ್ಲಿ ಹಿಡಿದೇ ಇರಲಿಲ್ಲ! ಮೂಟೆಯಿಂದ ನೆಟ್ಟಗೆ ಕೊಕ್ಕೆಗೆ ಹೋಗಿತ್ತು ಅದು. ಎಷ್ಟು ಕಲ್ಲಿದೆ, ಒಳಗೆ ಯಾವ ದಾರ, ಒಂದೂ ಗೊತ್ತಿಲ್ಲ. ತನ್ನ ಬಗ್ಗೆ ಗೊತ್ತಿರುವುದು ಬಿಟ್ಟರೆ ಹೇಳೋಕೆ ಅವಳ ಹತ್ತಿರ ಬೇರೆ ಏನೂ ಇರಲಿಲ್ಲ.

“ಬಲಗಡೆ ಭುಜದ ಪಟ್ಟಿ ಎಡಗಡೆದಕ್ಕಿಂತ ಒಂದು ಬೆರಳು ಉದ್ದ ಇರಬೇಕು” ಅಂದಳು.

ಅತ್ತೆ ಎದ್ದು ಬಟ್ಟೆ ಇಳಿಸಿದಳು. ಕೌಂಟರಿನ ಮೇಲೆ ಹಾಸಿ, ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಎಳೆದಳು. ಕ್ಯೂನಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಎರಡೂ ಪಟ್ಟಿ ಸರಿಸಮ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.

“ದರ್ಜಿ... ದರ್ಜಿ ಹಾಗೇ ಅಳತೆ ತಗೊಂಡಿದ್ದಳು” ಅಂತ ಸೊಸೆ ತಡವರಿಸಿದಳು. “ನಂದೇ ಅತ್ತೆ ಅದು, ನಿಜವಾಗ್ಲೂ...”

ಅತ್ತೆ ಬಲಗಡೆ ಪಟ್ಟಿಯ ಒಳಬದಿ ತಿರುಗಿಸಿ ಬೆರಳಾಡಿಸುತ್ತ ನಿಂತಳು.

“ಉದ್ದ ಇತ್ತು” ಅಂದಳು ಕೊನೆಗೆ. ದನಿ ಜಡ್ಜಮ್ಮನದಾಗಿರಲಿಲ್ಲ. “ಮೊದಲನೇ ದಿನವೇ ನೋಡಿದೆ. ಯಾವಳೋ ಹೊಲಿಯೋಕೆ ಬಾರದವಳು ಸೊಟ್ಟ ಹೊಲಿದಿದ್ದಾಳೆ ಅಂತ ನಾನೇ ಒಳಗೆ ಮಡಿಕೆ ಹಾಕಿ ಸರಿಮಾಡಿದೆ.”

ಹೇಳುತ್ತ ಹೇಳುತ್ತ ಆಕೆಯ ಎಡಗೈ ತಾನಾಗಿ ತನ್ನ ಬಲಭುಜಕ್ಕೆ ಹೋಯಿತು. ಮೂವತ್ತು ವರ್ಷ ಇಸ್ತ್ರಿ ಒತ್ತಿದ ಭುಜ ಅದು. ಆಕೆಯ ಬಟ್ಟೆಗಳಿಗೆಲ್ಲ ದರ್ಜಿ ಬಲತೋಳನ್ನು ಒಂದು ಬೆರಳು ಅಗಲ ಬಿಟ್ಟೇ ಹೊಲಿಯುತ್ತಿದ್ದ. ಅದನ್ನು ಆಕೆ ಯಾರಿಗೂ ಹೇಳಿರಲಿಲ್ಲ, ಹೇಳಿಕೊಳ್ಳುವ ವಿಷಯ ಅಂತ ಅನ್ನಿಸಿಯೂ ಇರಲಿಲ್ಲ.

“ಸೊಟ್ಟ ಅಲ್ಲ ಅದು” ಅಂದಳು. “ಈ ಕೆಲಸ ಮಾಡಿದವರ ಮೈಯೇ ಹಾಗೆ. ನಂಗೆ ಹೊಳೀಲೇ ಇಲ್ಲ ನೋಡು.”

ಕುರ್ಚಿಗೆ ಕೂತಳು. ಡಬ್ಬಿಯಿಂದ ಸೂಜಿ ತೆಗೆದು ತಾನು ಹಾಕಿದ ಮಡಿಕೆಯನ್ನು ಒಂದೊಂದೇ ಹೊಲಿಗೆ ಬಿಚ್ಚಿದಳು. ಕ್ಯೂ ಬಾಗಿಲಿಂದಾಚೆ ಬೆಳೆಯಿತು. ಪಟ್ಟಿ ಮತ್ತೆ ಒಂದು ಬೆರಳು ಉದ್ದವಾಯಿತು. ಬಟ್ಟೆಯನ್ನು ಕಾಗದದಲ್ಲಿ ಸುತ್ತಿ ದಾರ ಕಟ್ಟಿ ಸೊಸೆಯ ಕೈಗಿಟ್ಟು, “ಮುಂದಿನವರು ಬನ್ನಿ” ಅಂದಳು.

ಅಷ್ಟೇ. ಬೈಗುಳವಿಲ್ಲ, ನಗುವಿಲ್ಲ. ಸೊಸೆ ಪೊಟ್ಟಣ ಹಿಡಿದುಕೊಂಡು ಓಣಿಯಲ್ಲಿ ನಿಂತು ಗಳಗಳ ಅತ್ತಳು. ಖುಷಿಗೋ ಹೆದರಿಕೆಗೋ ಅವಳಿಗೇ ಗೊತ್ತಾಗಲಿಲ್ಲ.

ಬೈಗುಳ ಬಂದದ್ದು ಊಟದ ಹೊತ್ತಿಗೆ. “ಹೊಟ್ಟೆ ಹುಣ್ಣು ಅಂದ್ಯಲ್ಲೇ, ಕಳ್ಳಿ!”

“ತಪ್ಪಾಯ್ತು ಅತ್ತೆ. ನೀವು ನಗ್ತೀರಿ ಅಂತ...”

“ನಗ್ತಿದ್ದೆ. ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ಎರಡು ದಿನ ನಕ್ಕು ಸುಮ್ಮನಾಗ್ತಿದ್ದೆ. ಈಗೇನಾಯ್ತು? ನೀನೊಬ್ಬಳೇ ಆ ಉಪ್ಪಿಲ್ಲದ ಗಂಜಿ ಕುಡಿಯೋಕೆ ಬೇಜಾರು ಮಾಡ್ಕೋತೀಯ ಅಂತ ಅಡುಗೆಮನೇಲಿ ನಾನೂ ಅದನ್ನೇ ಕುಡಿದೆ ಕಣೇ, ಇಷ್ಟು ದಿನ! ನನ್ನ ನಾಲಿಗೆ ಸತ್ತುಹೋಗಿದೆ. ಉಪ್ಪಿನ ಡಬ್ಬಿ ಈ ಕಡೆ ತಾ.”

ಗಂಡ ಬಾಯಲ್ಲಿದ್ದದ್ದನ್ನು ನುಂಗಲಾರದೆ ಕೆಮ್ಮಿದ. ಸೊಸೆ ಅತ್ತೆಯ ಮುಖ ನೋಡಿದಳು. ಹೌದಲ್ಲ, ಕೆನ್ನೆ ಒಳಗೆ ಹೋಗಿದೆ, ಬಳೆ ಮೊಣಕೈವರೆಗೆ ಜಾರುತ್ತಿದೆ. ಇಷ್ಟು ದಿನ ತನ್ನ ಸೊಂಟದ ಅಳತೆ ನೋಡಿಕೊಳ್ಳುವುದರಲ್ಲಿ ಎದುರಿಗಿದ್ದ ಅತ್ತೆಯನ್ನು ನೋಡಲೇ ಇಲ್ಲವಲ್ಲ ಅಂತ ಅವಳಿಗೆ ಆಗ ಹೊಳೆಯಿತು. ಎದ್ದು ಹೋಗಿ ಉಪ್ಪು ತಂದಿಟ್ಟಳು, ಜೊತೆಗೆ ಬೆಣ್ಣೆಯನ್ನೂ.

ಭಾನುವಾರ ಅತ್ತೆಯೂ ವ್ಯಾನು ಹತ್ತಿದಳು. ಸ್ಟೇಜಿನ ಹಿಂದೆ ಕೋಚು, ದೀಪದಲ್ಲಿ ಸ್ನಾಯು ಎದ್ದು ಕಾಣಲಿ ಅಂತ, ಸೊಸೆಯ ಮೈಗೆ ಕಂದು ಬಣ್ಣ ಬಳಿಯುವುದನ್ನು ಕಂಡು, “ಇದು ಹೊದಿಕೆಗೆ ತಾಗಿದ್ರೆ ಹೋಗಲ್ಲ ಅಂತೀರಾ? ತನ್ನಿ, ನಾನು ತೆಗೀತೀನಿ” ಅಂತ ಪಂಥ ಕಟ್ಟಿದಳು. ಆಮೇಲೆ ಮೊದಲ ಸಾಲಿನಲ್ಲಿ ಕೈಕಟ್ಟಿ ಕೂತು, ನೀಲಿ ಬಟ್ಟೆ ಸ್ಟೇಜಿಗೆ ಬಂದಾಗ ಪಕ್ಕದವರ ಪಕ್ಕೆಗೆ ತಿವಿದು ತೋರಿಸಿದಳು. ದೀಪದಡಿ ಸೊಸೆ ಭುಜ ಅಗಲಿಸಿ, ಹಲ್ಲು ಕಾಣುವ ಹಾಗೆ ನಕ್ಕಾಗ ಆ ನಗು ಅಭ್ಯಾಸದ್ದಾಗಿರಲಿಲ್ಲ. ನೋಡುತ್ತಿದ್ದಾರೆ, ನನ್ನನ್ನೇ ನೋಡುತ್ತಿದ್ದಾರೆ ಅಂತ ಅವಳ ಮೈಯೆಲ್ಲ ಹೇಳುತ್ತಿತ್ತು.

ಬಹುಮಾನ ಬರಲಿಲ್ಲ. ಕೊನೆಯಿಂದ ಎರಡನೆಯವಳು. ಬಲಭುಜಕ್ಕೂ ಎಡಭುಜಕ್ಕೂ ಸಮ ಇಲ್ಲ ಅಂದರಂತೆ ತೀರ್ಪುಗಾರರು. ವಾಪಸ್ ಬರುವ ದಾರಿಯುದ್ದಕ್ಕೂ ಅತ್ತೆ ಕುದಿದಳು. “ಅವರೂ ಜಡ್ಜುಗಳಾ? ಯಾಕೆ ಹೀಗಾಯ್ತು ಅಂತ ಒಂದು ಮಾತು ಕೇಳಿದ್ರಾ? ಗುರುತು ಕೇಳದೆ ತೀರ್ಪು ಕೊಡ್ತಾರೆ!”

ಸೋಮವಾರ ಬೆಳಿಗ್ಗೆ ಸೊಸೆ ಎದ್ದು ಬರುವ ಹೊತ್ತಿಗೆ ಅಂಗಡಿ ತೆರೆದಿತ್ತು. ಅತ್ತೆ ಮೇಜಿನ ಹಿಂದೆ ನಿಂತು ಎಡಗೈಯಲ್ಲಿ ಇಸ್ತ್ರಿ ಮಾಡಲು ಹೆಣಗುತ್ತಿದ್ದಳು. ಕೊಕ್ಕೆಯ ಮೇಲೆ, ಒಗೆದು ಒಣಗಿಸಿ, ಕಂದು ಕಲೆ ಒಂದಿಷ್ಟೂ ಉಳಿಯದ ಹಾಗೆ ತೆಗೆದು, ನೀಲಿ ಬಟ್ಟೆ ಮತ್ತೆ ಹೊಳೆಯುತ್ತಿತ್ತು.

“ಅತ್ತೆ! ಅದ್ಯಾಕೆ ಮತ್ತೆ ಅಲ್ಲಿ? ಯಾರದ್ದು ಅಂತ ಬೀದಿಗೆಲ್ಲ ಗೊತ್ತಾಯ್ತಲ್ಲ. ಇಳಿಸಿ, ಒಳಗಿಡ್ತೀನಿ.”

“ಕ್ಯೂನಲ್ಲಿ ಬಾ” ಅಂದಳು ಅತ್ತೆ.

ಅಷ್ಟರಲ್ಲಿ ಬೀದಿಗೆ ಹೊಸದಾಗಿ ಬಂದವಳೊಬ್ಬಳು ಬಟ್ಟೆಯ ಗಂಟು ತಂದು ಕೌಂಟರಿನ ಮೇಲಿಟ್ಟಳು. ಮೇಲೆ ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟಳು.

“ಅಮ್ಮಾ, ಅದು ಯಾರದ್ದು?”

ಅತ್ತೆ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. ಸೊಸೆಯ ಬಲಗೈ ಹಿಡಿದು ಬೆಳಕಿಗೆ ಎಳೆದು, ಬಟ್ಟೆಯ ತೋಳನ್ನು ಭುಜದವರೆಗೆ ಮಡಚಿದಳು. ಆಮೇಲೆ ತನ್ನದನ್ನೂ ಮಡಚಿ, ತನ್ನ ಬಲಗೈಯನ್ನು ಅದರ ಪಕ್ಕದಲ್ಲಿಟ್ಟಳು.

“ನಮ್ಮದು” ಅಂದಳು. “ಕೇಳಲಿ ಅಂತಲೇ ನೇತುಹಾಕಿದ್ದು.”